ಅಡೆ ಹಾಕಿದ ದ್ರಾಕ್ಷಿ

ನರ್ಸಕ್ಕನ ತುರುಬಿನಲ್ಲಿ ನಾನು ಹೂವು ಕಂಡದ್ದಿಲ್ಲ, ಕಡ್ಡಿ ಕಂಡಿದ್ದೇನೆ. ಪೆನ್ಸಿಲ್ ದಪ್ಪದ, ನಾಲ್ಕು ಗಿಣ್ಣಿನ ದ್ರಾಕ್ಷಿ ಕಡ್ಡಿ. ಎರಡೂ ಕೈ ಮಣ್ಣಾಗಿದ್ದಾಗ ಕತ್ತರಿಸಿದ ಕಡ್ಡಿಯನ್ನು ತುರುಬಿಗೆ ಸಿಕ್ಕಿಸಿಕೊಂಡುಬಿಡುತ್ತಿದ್ದರು. ಎಷ್ಟೋ ಸಲ ಅದನ್ನು ಮರೆತು ಹಾಗೇ ಆಸ್ಪತ್ರೆಗೂ ಹೋಗಿದ್ದುಂಟು. ಕಡ್ಡಿಯ ಮೇಲ್ತುದಿಯನ್ನು ಯಾವಾಗಲೂ ಓರೆಯಾಗಿ ಕತ್ತರಿಸುತ್ತಿದ್ದರು, ಕೆಳತುದಿಯನ್ನು ನೇರವಾಗಿ.

"ತಲೆ ಯಾವ್ದು, ಕಾಲು ಯಾವ್ದು ಗೊತ್ತಾಗಾಕೆ. ಹೆರಿಗೇಲೂ ಅಷ್ಟೇ ನೋಡು, ಮೊದಲು ತಲೆ ಎಲ್ಲೈತೆ ಅಂತ ಹುಡುಕ್ಬೇಕು," ಎನ್ನುತ್ತಿದ್ದರು.

ಅದು ಎಪ್ಪತ್ತರ ದಶಕದ ಕೊನೆ. ಜಗಳೂರಿನಲ್ಲಿ ಅವರ ಕ್ವಾರ್ಟರ್ಸಿಗೂ ನಮ್ಮ ಬಾಡಿಗೆ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ತ್ಯಾವಣಿಗೆಯಲ್ಲಿ ಕಾಲುವೆ ನೀರು ನೋಡಿಕೊಂಡು ಬೆಳೆದ ನಾನು ಒಬ್ಬ ಗುಮಾಸ್ತರನ್ನು ಮದುವೆಯಾಗಿ, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರಿಗೆ ಬಂದಿದ್ದೆ. ಚಿಂತೆ ಮಾಡುವುದು ನನಗೆ ಹುಟ್ಟಿನಿಂದ ಬಂದ ಗುಣ. ಜಗಳೂರು ಅದಕ್ಕೆ ಹೊಸ ವಿಷಯಗಳನ್ನು ಒದಗಿಸಿತು, ಅಷ್ಟೆ.

ನರ್ಸಕ್ಕನಿಗೆ ಗಂಡ ಇದ್ದರೋ, ಇದ್ದು ಹೋದರೋ, ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಬಳ್ಳಿಯ ಕಥೆಯನ್ನು ಮಾತ್ರ ಕೇಳದೆಯೂ ಹೇಳುತ್ತಿದ್ದರು. ಹೊನ್ನಾಳಿಯಲ್ಲಿದ್ದಾಗ ಹೆರಿಗೆ ಮಾಡಿಸಿದ ಮನೆಯವರು ಕೊಟ್ಟ ಕಡ್ಡಿ ಅದು. ನೆಟ್ಟ ದ್ರಾಕ್ಷಿ ಹಣ್ಣು ಬಿಡಲು ಮೂರು ವರ್ಷ ಬೇಕು. ಸರ್ಕಾರ ನರ್ಸಕ್ಕನನ್ನು ಒಂದು ಊರಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಇಡುತ್ತಿರಲಿಲ್ಲ. ಪ್ರತಿ ವರ್ಗಾವಣೆಗೂ ನಾಲ್ಕು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಡುತ್ತಿದ್ದರಂತೆ. ಬಿಟ್ಟು ಬಂದ ಹೊನ್ನಾಳಿಯ ಬಳ್ಳಿಯನ್ನು ನಂತರ ಬಂದವರು ಬಚ್ಚಲೊಲೆಗೆ ಹಾಕಿದರು. ಚನ್ನಗಿರಿಯದನ್ನು ಮೇಕೆ ತಿಂದಿತು. ನ್ಯಾಮತಿಯದರ ಗತಿ ಏನಾಯಿತೆಂದು ಅವರು ವಿಚಾರಿಸಲೇ ಇಲ್ಲ.

"ನಾಲ್ಕು ಊರಾಗೆ ಬಳ್ಳಿ ಹಬ್ಬಿಸೀನಿ. ಒಂದು ಹಣ್ಣು ಬಾಯಿಗೆ ಹಾಕ್ಕೊಂಡಿಲ್ಲ. ಸಿಹೀನೋ ಹುಳೀನೋ ಅದೂ ಗೊತ್ತಿಲ್ಲ," ಎಂದು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನನಗೂ ಒಂದು ಡಬ್ಬದಲ್ಲಿ ಕಡ್ಡಿ ನೆಟ್ಟುಕೊಟ್ಟರು. ಹತ್ತು ದಿನಕ್ಕೆ ಚಿಗುರೊಡೆಯಿತು. ಬೇರು ಬಿಟ್ಟಿದೆಯೋ ಇಲ್ಲವೋ ಎಂಬ ಚಿಂತೆಗೆ ದಿನವೂ ಮೆಲ್ಲಗೆ ಎಳೆದು ನೋಡುತ್ತಿದ್ದೆ. ಒಂದು ದಿನ ಕಡ್ಡಿ ಪೂರ್ತಿ ಕೈಗೇ ಬಂತು. ಗೋಡೆಯಾಚೆ ನರ್ಸಕ್ಕ ನಿಂತಿದ್ದರು.

"ಅದು ಚಿಗುರಿರೋದು ಕಡ್ಡಿಯೊಳಗಿನ ಹಳೇ ಸತ್ವದಾಗೆ. ಚಿಗುರು ನೋಡಿ ಬದುಕೈತೆ ಅನ್ಕೋಬಾರ್ದು. ನೀನೋ, ದಿನಾ ನಾಡಿ ಹಿಡಿದು ಹಿಡಿದು ಆರಾಮಾಗಿದ್ದೋರನ್ನೂ ಮಲಗಿಸ್ತೀಯ!"

ಜಗಳೂರಿನಲ್ಲಿ ಅದೇನು ಪವಾಡವೋ, ಮೂರನೇ ವರ್ಷವೂ ವರ್ಗಾವಣೆ ಬರಲಿಲ್ಲ. ಅಕ್ಕಿ ತೊಳೆದ ನೀರು, ಪಾತ್ರೆ ಬೆಳಗಿದ ನೀರು ಕುಡಿದೇ ಬಳ್ಳಿ ಚಪ್ಪರದ ತುಂಬ ಹಬ್ಬಿತು, ಹನ್ನೊಂದು ಗೊಂಚಲು ಬಿಟ್ಟಿತು. ಅದೇ ಹೊತ್ತಿಗೆ ನರ್ಸಕ್ಕ ಊಟದ ನಡುವೆ ತಟ್ಟೆ ಸರಿಸುವುದು ಹೆಚ್ಚಾಯಿತು. ಮಾತು, ನಗು ಎಲ್ಲ ಹಾಗೇ ಇತ್ತು, ರವಿಕೆ ಮಾತ್ರ ಸಡಿಲವಾಗುತ್ತಾ ಹೋಯಿತು. ಕೊನೆಗೆ ಹೊಟ್ಟೆಯಲ್ಲಿ ಗಡ್ಡೆ ಎಂದರು. ದಾವಣಗೆರೆಗೆ ಹೊರಟಾಗ ನನ್ನ ಕೈಗೆ ಬೀಗದ ಕೈ ಕೊಟ್ಟು, "ಹಣ್ಣಾಗೋ ಹೊತ್ತಿಗೆ ಬಂದ್ಬಿಡ್ತೀನಿ. ನೀರು ಹಾಕು, ಸಾಕು. ಬೇರೇನೂ ಮಾಡಬ್ಯಾಡ ತಂಗಿ," ಎಂದರು. ನನ್ನನ್ನು ಚೆನ್ನಾಗಿ ಬಲ್ಲವರು.

ನಾನು ಅಳಿಲಿಗೆ ಹೆದರಿದೆ, ಗಿಳಿಗೆ ಹೆದರಿದೆ, ಶಾಲೆ ಬಿಟ್ಟ ಮಕ್ಕಳಿಗೆ ಹೆದರಿದೆ. ಹಳೆ ಸೀರೆ ಹರಿದು ಗೊಂಚಲಿಗೊಂದು ಚೀಲ ಕಟ್ಟಿದೆ. ಒಂದೆರಡು ಕಾಯಿ ಆಗಷ್ಟೇ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅಷ್ಟರಲ್ಲಿ ಆಸ್ಪತ್ರೆಯ ಕಾಂಪೌಂಡರು ಗೋಡೆಯ ಹತ್ತಿರ ಬಂದು, "ಏನವ್ವಾ, ಆ ಮನೆ ಖಾಲಿ ಮಾಡ್ಸಾಕೆ ಹೇಳವ್ರೆ. ಸೋಮವಾರ ಹೊಸ ನರ್ಸು ಬರ್ತಾರಂತೆ," ಎಂದರು.

ನಾಲ್ಕನೇ ಬಳ್ಳಿಯೂ ಪರರ ಪಾಲು! ಇದೊಂದು ನಾನಿರುವಾಗ ಆಗಬಾರದೆಂದು ಭಾನುವಾರವೇ ಹನ್ನೊಂದೂ ಗೊಂಚಲು ಕತ್ತರಿಸಿದೆ. ತವರಿನಲ್ಲಿ ಬಲಿತ ಮಾವಿನಕಾಯಿಯನ್ನು ಒಣಹುಲ್ಲಿನಲ್ಲಿ ಅಡೆ ಹಾಕಿದರೆ ಎಂಟು ದಿನಕ್ಕೆ ಅಟ್ಟವೆಲ್ಲ ಘಮ್ಮೆನ್ನುತ್ತಿತ್ತು. ಬಾಳೆಯೂ ಹಾಗೇ ಹಣ್ಣಾಗುತ್ತಿತ್ತು. ದ್ರಾಕ್ಷಿ ಯಾಕಾಗಬಾರದು? ಬುಟ್ಟಿಗೆ ಹುಲ್ಲು ಹಾಸಿ, ಗೊಂಚಲುಗಳನ್ನು ಮುಚ್ಚಿಟ್ಟೆ. ಜೀವನದಲ್ಲಿ ಮೊದಲ ಸಲ ಸಮಯಕ್ಕೆ ಸರಿಯಾಗಿ ಬುದ್ಧಿ ಓಡಿತೆಂದು ಬೀಗಿದೆ.

ಹೊಸ ನರ್ಸು ಆ ಸೋಮವಾರ ಬರಲಿಲ್ಲ. ಬಂದದ್ದು ಎರಡು ತಿಂಗಳ ಮೇಲೆ.

ಹದಿನೈದು ದಿನ ಕಳೆದು ನರ್ಸಕ್ಕ ಬಂದರು. ಕಾಂಪೌಂಡರು ತೋಳು ಹಿಡಿದು ಬಸ್ಸಿನಿಂದ ಇಳಿಸಿಕೊಂಡು ಬಂದಿದ್ದರು. ಮೆಟ್ಟಿಲ ಮೇಲೆ ಕೂತು ಮೊದಲು ಚಪ್ಪರ ನೋಡಿದರು.

"ಎಲ್ಲೇ?"

ಬುಟ್ಟಿ ತಂದು ಮುಂದಿಟ್ಟೆ. ಹುಲ್ಲು ಸರಿಸಿದರೆ ಹಸಿರು ಹಸಿರಾಗಿಯೇ ಸುಕ್ಕುಗಟ್ಟಿದ ಕಾಯಿಗಳು, ಅಲ್ಲಲ್ಲಿ ಬೂಷ್ಟು. ದ್ರಾಕ್ಷಿಯನ್ನು ಬಳ್ಳಿಯಿಂದ ಕಿತ್ತ ಮೇಲೆ ಅದು ಹಣ್ಣಾಗುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅಳುತ್ತಲೇ ಸೋಮವಾರದ ಕಥೆ ಹೇಳಿದೆ.

ನರ್ಸಕ್ಕ ಬುಟ್ಟಿಯೊಳಗೆ ಬಗ್ಗಿ ನೋಡಿದರು. "ಅಡೆ ಹಾಕಿದ್ಯಾ? ದ್ರಾಕ್ಷೀನ?" ಎಂದು ಕೇಳಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಆಮೇಲೆ ಬೂಷ್ಟಿಲ್ಲದ ಒಂದು ಗೊಂಚಲು ಆರಿಸಿ, ಸೆರಗಿಗೆ ಒರೆಸಿ, ಒಂದೊಂದೇ ಕಾಯಿ ಬಾಯಿಗೆ ಹಾಕಿಕೊಂಡರು. ಪ್ರತಿ ಸಲವೂ ಒಂದು ಕಣ್ಣು ತಾನಾಗಿ ಮುಚ್ಚುತ್ತಿತ್ತು.

"ಬಿಡ್ರಿ ನರ್ಸಕ್ಕ, ಹೊಟ್ಟೆ ನೋವಾಗ್ತದೆ."

"ಅಲ್ಲಿ ಹೊಸ ನೋವಿಗೆ ಜಾಗ ಎಲ್ಲೈತೆ?" ಎಂದು ಗೊಂಚಲು ಪೂರ್ತಿ ಮುಗಿಸಿದರು. ನನ್ನ ಮುಖ ನೋಡಿ, "ನಿಂದೇನ್ ತಪ್ಪಿಲ್ಲ ಬಿಡು. ಇದು ಹುಳಿ ಜಾತೀದೇ ಇರ್ಬೇಕು. ಬಳ್ಳಿ ಮ್ಯಾಲೆ ಬಿಟ್ಟಿದ್ರೂ ಹಿಂಗೇ ಇರ್ತಿತ್ತು," ಎಂದರು.

ಮತ್ತೆ ದಾವಣಗೆರೆಯ ಆಸ್ಪತ್ರೆಗೆ ಹೊರಡುವ ಮುಂಚೆ ಕತ್ತರಿ ತರಿಸಿ ಕೂತಲ್ಲಿಂದಲೇ ಎಟುಕಿದ ಒಂದು ಕಡ್ಡಿ ಕತ್ತರಿಸಿದರು, ಮೇಲೆ ಓರೆ, ಕೆಳಗೆ ನೇರ. ನನ್ನ ಎರಡೂ ಕೈಯಲ್ಲಿ ಬುಟ್ಟಿ. ಕಡ್ಡಿಯನ್ನು ನನ್ನ ತುರುಬಿಗೆ ಸಿಕ್ಕಿಸಿ, "ಎಳೀಬ್ಯಾಡ," ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ಯುಗಾದಿ ಕಳೆದ ವಾರ ಕಾಂಪೌಂಡರು ಅದೇ ಗೋಡೆಯ ಬಳಿ ನಿಂತು, ಟೋಪಿ ತೆಗೆದು, ಸುದ್ದಿ ಹೇಳಿದರು. ಹೊಸ ನರ್ಸು ಬಂದವರೇ ಹಾವು ಸೇರುತ್ತದೆ ಎಂದು ಚಪ್ಪರ ಕೀಳಿಸಿದರು.

ಆ ಕಡ್ಡಿಯನ್ನು ನಾನು ಎಳೆಯಲಿಲ್ಲ. ನಮಗೆ ಚನ್ನಗಿರಿಗೆ ವರ್ಗವಾದಾಗ ಡಬ್ಬದ ಸಮೇತ ಲಾರಿಯಲ್ಲಿ ಬಂತು, ಹಿತ್ತಲಲ್ಲಿ ಹಬ್ಬಿತು, ಮೂರನೇ ವರ್ಷ ಗೊಂಚಲು ಬಿಟ್ಟಿತು. ಕಪ್ಪಾದರೂ ನಾನು ಕೀಳಲಿಲ್ಲ. ಹಕ್ಕಿಗಳು ಅರ್ಧ ಮುಗಿಸಿದವು. "ಈಗಾದ್ರೂ ಕೀಳ್ತೀಯಾ, ಒಣದ್ರಾಕ್ಷಿ ಆಗ್ಲಿ ಅಂತೀಯಾ?" ಎಂದು ಮನೆಯವರು ರೇಗಿದ ಮೇಲೆ ಒಂದು ಹಣ್ಣು ಬಿಡಿಸಿ ಬಾಯಿಗೆ ಹಾಕಿಕೊಂಡೆ. ಹುಳಿ ಇರಲಿ ದೇವರೇ, ಹುಳಿ ಇರಲಿ ಎಂದು ಬೇಡಿಕೊಂಡೇ ಕಚ್ಚಿದೆ.

ಸಿಹಿ ಇತ್ತು.