ಭಾವನಿಗೆ ಬೆಲ್ಲ ನೀರು

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಒಂದು ಚೆಂಬು ನೀರು, ಒಂದು ತುಂಡು ಬೆಲ್ಲ. ಕಾಫಿ, ಊಟ ಎಲ್ಲ ಆಮೇಲೆ. ಬಂದವರು ಜಗಲಿಯಲ್ಲಿ ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಒಳಗಿನಿಂದ ಮನೆಯ ಹುಡುಗಿ ಅದನ್ನು ತಂದು ಕೊಡಬೇಕು. ಬೆಳುವಾಯಿಯ ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದು. ನನ್ನ ಕೈಗೆ ಕೊಟ್ಟರೆ ಬೆಲ್ಲ ದಾರಿಯಲ್ಲೇ ಅರ್ಧವಾಗುತ್ತದೆ ಎಂದು ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತರ ದಶಕದ ಆರಂಭ ಅದು. ಅಕ್ಕ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ದೊಡ್ಡವಳಾದಳು. ನೆರೆಕರೆಯ ಹೆಂಗಸರನ್ನೆಲ್ಲ ಕರೆದು, ಅವಳಿಗೆ ಹೊಸ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಪಾಯಸದ ಊಟ ಹಾಕಿದರು. ಊರಿಗೆಲ್ಲ ಗೊತ್ತಾಯಿತು. ಏನಾಯಿತು, ಯಾಕಾಯಿತು ಎಂದು ಅವಳಿಗೆ ಮಾತ್ರ ಯಾರೂ ಹೇಳಲಿಲ್ಲ. ಹೊಟ್ಟೆಯೊಳಗೆ ಗಾಯವಾಗಿದೆ, ಇನ್ನು ತಾನು ಉಳಿಯುವುದಿಲ್ಲ ಎಂದು ನನ್ನ ಹತ್ತಿರ ಹೇಳಿ ಅತ್ತಿದ್ದಳು. ನಾನು ಹೆದರಿ ಅಮ್ಮನನ್ನು ಕೇಳಿದರೆ, "ಅದೆಲ್ಲ ನಿನಗ್ಯಾಕೆ, ಆಚೆ ಹೋಗು" ಎಂದಳು. ನಮ್ಮ ಅರ್ಧಕ್ಕರ್ಧ ಪ್ರಶ್ನೆಗಳಿಗೆ ಆ ಮನೆಯಲ್ಲಿ ಸಿಗುತ್ತಿದ್ದ ಉತ್ತರ ಅದೊಂದೇ. ಆಚೆ ಹೋಗಿ ಹೋಗಿಯೇ ನಾವು ಬೆಳೆದದ್ದು.

ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಮ್ಮನ ಅಣ್ಣನೇ ನಮಗೆ ಯಜಮಾನ. ಮಾವ ಹೇಳಿದ ಮೇಲೆ ಮುಗಿಯಿತು, ಅದಕ್ಕೆ ಎದುರು ಮಾತಿಲ್ಲ. ಅವರ ಮಗ, ನಮಗೆ ಭಾವ, ಬೊಂಬಾಯಿಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಅಕ್ಕನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವನು. ಮಾವನ ಮಗನಿಗೆ ಅತ್ತೆಯ ಮಗಳ ಮೇಲೆ ಹಕ್ಕು ಎನ್ನುವುದು ನಮ್ಮಲ್ಲಿ ಯಾರೂ ಕಲಿಸದೆಯೇ ಎಲ್ಲರಿಗೂ ಗೊತ್ತಿದ್ದ ವಿಷಯ. ಅಕ್ಕ ತೊಟ್ಟಿಲಲ್ಲಿದ್ದಾಗಲೇ ಹೆಂಗಸರು ಅವನನ್ನು ತೋರಿಸಿ "ಇಗೋ ನಿನ್ನ ಗಂಡ" ಎಂದು ತಮಾಷೆ ಮಾಡುತ್ತಿದ್ದರಂತೆ. ಭಾಷೆ ಬರುವ ಮೊದಲೇ ಕೇಳಿದ ತಮಾಷೆ ಅದು.

ಆ ವರ್ಷ ಭಾವ ರಜೆಯಲ್ಲಿ ಬಂದ. ಟೆರಿಲಿನ್ ಅಂಗಿ, ಸೆಂಟಿನ ಪರಿಮಳ, ನಮಗೆಲ್ಲ ಬೊಂಬಾಯಿ ಹಲ್ವ. ಅಕ್ಕ ಬೆಲ್ಲ ನೀರು ತಂದು ಕೊಟ್ಟಾಗ ಅವನು ಚೆಂಬಿನ ಜೊತೆಗೆ ಅವಳ ಕೈಯನ್ನೂ ಹಿಡಿದುಕೊಂಡ, ಬಿಡಲೇ ಇಲ್ಲ. ಅವಳು ಎಳೆದುಕೊಂಡಳು, ನೀರು ಚೆಲ್ಲಿತು. ಜಗಲಿಯಲ್ಲಿದ್ದವರೆಲ್ಲ ನಕ್ಕರು. "ಬಿಡು ಮಾರಾಯ, ಮದುವೆಯ ತನಕ ಅವಳಿಗೆ ಕೈ ಬೇಡವಾ" ಎಂದು ಮಾವನೇ ಹೇಳಿದರು. ಎಲ್ಲರೂ ನಗುವಾಗ ನಾನೂ ನಕ್ಕಿದ್ದಿರಬೇಕು, ಹನ್ನೆರಡು ವರ್ಷದವಳಿಗೆ ಮತ್ತೇನು ತಿಳಿಯುತ್ತದೆ. ಅಕ್ಕ ನಗಲಿಲ್ಲ, ಅದು ನೆನಪಿದೆ.

ಅದಾಗಿ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಭಾವ ಪುನಃ ಬಂದ. ಅಮ್ಮ ಅಡುಗೆಕೋಣೆಯಲ್ಲಿ ಮಸಾಲೆ ಅರೆಯುತ್ತಿದ್ದಳು. "ನೀರು ಕೊಡು ಹೋಗು" ಎಂದಳು. ಅಕ್ಕ ಚೆಂಬನ್ನು ಕೈಗೆ ತೆಗೆದುಕೊಂಡು, ಬಾಗಿಲ ತನಕ ಹೋಗಿ, ತಿರುಗಿ ಬಂದು ಅದನ್ನು ನೆಲದ ಮೇಲೆ ಇಟ್ಟುಬಿಟ್ಟಳು.

"ನಾನು ಹೋಗುವುದಿಲ್ಲ. ಮೊನ್ನೆ ದನದ ಹಟ್ಟಿಯ ಹಿಂದೆ ಅವ ನನ್ನನ್ನು ಹಿಡಿದ. ಬಾಯಿ ಮುಚ್ಚಿ ಹಿಡಿದ, ಅಮ್ಮ."

ಅಮ್ಮನ ಕೈ ಗುಂಡುಕಲ್ಲಿನ ಮೇಲೆ ನಿಂತಿತು. ಒಂದು ಕ್ಷಣ ಅವಳ ಮುಖದಲ್ಲಿ ಏನೋ ಬಂತು. ಅದು ಹೆದರಿಕೆ ಎಂದು ಈಗ ಅನ್ನಿಸುತ್ತದೆ. ಆಮೇಲೆ ಅವಳು ನಕ್ಕಳು.

"ಅವ ಅಲ್ಲದೆ ನಿನ್ನನ್ನು ಇನ್ಯಾರು ಹಿಡಿಯುವುದು ಮಗಾ? ನಾಳೆ ಕಟ್ಟಿಕೊಳ್ಳುವವನಲ್ವಾ?" ಎಂದಳು. ನನ್ನ ಕಡೆ ತಿರುಗಿ, "ನೀನು ಆಚೆ ಹೋಗು" ಎಂದಳು.

ಅಮ್ಮನೇ ಕೈ ತೊಳೆದು ನೀರು ಕೊಂಡು ಹೋದಳು. ಸಂಜೆ ಮಾವನಿಗೆ ಸುದ್ದಿ ಮುಟ್ಟಿಸಿದಳು. ಹುಡುಗನಿಗೆ ಎರಡು ಮಾತು ಬುದ್ಧಿ ಹೇಳಲಿ ಎಂದು ಅಲ್ಲ, ಹುಡುಗಿಯ ಹೆಸರು ಕೆಡುವ ಮೊದಲು ಏನಾದರೂ ಮಾಡಬೇಕು ಎಂದು. ಮಾವನಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ. "ಹೇಗೂ ಆಗಬೇಕಾದದ್ದೇ. ಅವ ಬೊಂಬಾಯಿಗೆ ಹೋಗುವ ಮೊದಲೇ ಮುಗಿಸಿಬಿಡುವ" ಎಂದರು. ಅಕ್ಕನ ಶಾಲೆ ಅಲ್ಲಿಗೆ ನಿಂತಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಗಾದೆ ಹೇಳುತ್ತೇವಲ್ಲ, ನಾವು ಹೊಲವನ್ನೇ ಬೇಲಿಯ ಹೆಸರಿಗೆ ಬರೆದುಕೊಟ್ಟವರು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಬೊಂಬಾಯಿಯಲ್ಲಿ ಭಾವನ ಕೆಲಸ ಬಹಳ ಕಾಲ ಉಳಿಯಲಿಲ್ಲ. ಊರಿಗೆ ಬಂದು ಮಾಣಿ ಎಂಬ ಊರಿನ ಕ್ರಾಸಿನಲ್ಲಿ ಸಣ್ಣ ಹೋಟೆಲು ಹಾಕಿದ. ಹೋಟೆಲಿನ ಹಿಂದೆಯೇ ಮನೆ. ಅಕ್ಕನಿಗೆ ಒಂದು ಹೆಣ್ಣುಮಗುವಾಯಿತು. ಒಂದು ಸಲ ಅವಳು ಆ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಊದಿದ ಕೆನ್ನೆಗೆ ಸೆರಗು ಮುಚ್ಚಿಕೊಂಡು ಬೆಳುವಾಯಿಗೆ ಬಂದಳು. ಮಾವ "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು, ಊಟ ಮಾಡಿಸಿ, ತಾವೇ ಬಸ್ಸು ಹತ್ತಿಸಿ ಬಂದರು. ಅಮ್ಮ ಅವಳ ಕೈಗೆ ಹಪ್ಪಳದ ಕಟ್ಟು ಕೊಟ್ಟಳು. ಆಮೇಲೆ ಅಕ್ಕ ಬರುವುದನ್ನೇ ಬಿಟ್ಟಳು. ಹೊಡೆತ ನಿಂತಿತ್ತೆಂದು ಅಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಎರಡನೇ ಸಲ ಗೊತ್ತಾಗಿತ್ತು, ಅಷ್ಟೇ.

ನಾನು ಹಟ ಹಿಡಿದು ಓದಿದೆ. ಮಾವ ತೀರಿಕೊಂಡ ಮೇಲೆ ನನ್ನನ್ನು ತಡೆಯುವವರೂ ಇರಲಿಲ್ಲ. ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಟೀಚರಾದೆ, ಅಮ್ಮ ನನ್ನ ಜೊತೆಗೇ ಇದ್ದಳು. ಎಂಬತ್ತರ ದಶಕದ ನಡುವೆ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಶಾಲೆ ಬಿಟ್ಟಳು. ಸಂಬಂಧಿಕನೊಬ್ಬ ತೊಂದರೆ ಕೊಟ್ಟನಂತೆ, ಅವನಿಗೇ ಮದುವೆ ಮಾಡುತ್ತಾರಂತೆ. ಹೆಡ್‌ಮಾಸ್ತರರ ಎದುರು ನಿಂತು, ತಂದೆ ತಾಯಿಯರ ಮೀಟಿಂಗ್ ಕರೆಯಲೇಬೇಕು ಎಂದೆ. "ಆರೋಗ್ಯದ ವಿಷಯ ಅಂತ ಹೇಳಿ ಟೀಚರೇ, ಬೇರೆ ಹೆಸರು ಬೇಡ" ಎಂದು ಅವರು ಒಪ್ಪಿದರು.

ಲೇಡಿ ಡಾಕ್ಟರೊಬ್ಬರು ಬಂದು ಮುಟ್ಟು, ಗರ್ಭ, ಗಂಡುಮಕ್ಕಳ ಮೈಯಲ್ಲಿ ಆಗುವ ಬದಲಾವಣೆ ಎಲ್ಲವನ್ನೂ ಸರಳವಾಗಿ ವಿವರಿಸಿದರು. ಗಂಡಸರು ಮಾಡಿನ ಹಂಚು ನೋಡುತ್ತಾ ಕೂತರು, ಹೆಂಗಸರು ಸೆರಗಿನ ತುದಿ ನೋಡುತ್ತಾ ಕೂತರು. "ಇದನ್ನೆಲ್ಲ ಹೇಳಿಕೊಟ್ಟರೆ ಮಕ್ಕಳು ಹಾಳಾಗುವುದಿಲ್ವಾ?" ಎಂದು ಒಬ್ಬರು ಕೇಳಿದರು. ಹೇಳದೆ ಹಾಳಾದವರನ್ನು ನಾನು ನೋಡಿದ್ದೇನೆ ಎಂದೆ. ಮಕ್ಕಳು ಬಂದು ಇಂಥವರು ನನ್ನನ್ನು ಮುಟ್ಟಿದರು ಎಂದರೆ ನಗಬೇಡಿ, ಬೈಯಬೇಡಿ, ಮೊದಲು ಹತ್ತಿರ ಕೂರಿಸಿಕೊಂಡು ಪೂರ್ತಿ ಕೇಳಿ; ನಿನ್ನದು ತಪ್ಪಿಲ್ಲ ಎಂದು ಹೇಳಿ; ಆ ಮನುಷ್ಯನನ್ನು ಅವರಿಂದ ದೂರ ಇಡಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ತಂದೆ ಎದ್ದು, "ಮಾವನ ಮಗನಾದರೆ ಅದೇನು ದೊಡ್ಡ ವಿಷಯ ಟೀಚರೇ?" ಎಂದ. ಇಡೀ ಸಭೆ ನಕ್ಕಿತು.

ಮನೆಯಲ್ಲಿ ಒಬ್ಬಳೇ ಯಾಕೆ ಎಂದು ಅಮ್ಮ ಅವತ್ತು ನನ್ನ ಜೊತೆ ಬಂದಿದ್ದಳು. ಬಾಗಿಲ ಹತ್ತಿರ ಕೂತಿದ್ದಳು. ಅವಳೊಬ್ಬಳೇ ನಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸೀರೆ ಉಟ್ಟು ಕೂತಿದ್ದಳು. "ಮಾಣಿಗೆ ಹೋಗುವ" ಎಂದಳು. ಸಿದ್ಧಕಟ್ಟೆಯ ಮೇಲಿಂದ ಬಂಟ್ವಾಳಕ್ಕೆ ಒಂದು ಬಸ್ಸು, ಅಲ್ಲಿಂದ ಮಾಣಿಗೆ ಇನ್ನೊಂದು.

ಭಾವ ಹೋಟೆಲಿನಲ್ಲಿದ್ದ. ನಾವು ಹಿಂಬಾಗಿಲಿನಿಂದ ಮನೆಗೆ ಹೋದೆವು. ಅಕ್ಕ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳ ಮಗಳು, ಹದಿಮೂರರ ಹುಡುಗಿ, ಬೆಲ್ಲ ನೀರು ತಂದಿಟ್ಟು ಒಳಗೆ ಹೋದಳು. ಅಮ್ಮ ಚೆಂಬನ್ನು ಮುಟ್ಟಲಿಲ್ಲ. ಗೆರಸೆಯ ಎದುರು ನೆಲದಲ್ಲೇ ಕೂತಳು.

"ಅವತ್ತು ನೀನು ಹೇಳಿದ್ದು ನನಗೆ ಸರಿಯಾಗಿ ಕೇಳಿಸಿರಲಿಲ್ಲ ಮಗಾ."

ಅಕ್ಕ ಯಾವತ್ತು ಎಂದು ಕೇಳಲಿಲ್ಲ. ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಬಿಸಾಡಿದಳು.

"ಕೇಳಿಸಿತ್ತು ಅಮ್ಮ. ನೀನು ನಗಾಡಿದಿ."

ಅಕ್ಕ ಗೆರಸೆಯನ್ನು ಬದಿಗಿಟ್ಟಳು. ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

"ಹೋದ ತಿಂಗಳು ಇವಳೂ ಬಂದು ಹೇಳಿದಳು. ಇವರ ತಂಗಿಯ ಮಗ ಬಂದರೆ ನಾನು ನೀರು ಕೊಡಲಿಕ್ಕೆ ಹೋಗುವುದಿಲ್ಲ ಅಂತ."

"ನೀನೇನು ಹೇಳಿದಿ?" ನಾನು ಕೇಳಿದೆ.

"ಹೋಗುವುದು ಬೇಡ ಅಂದೆ. ನಾನೇ ಕೊಟ್ಟೆ. ಇನ್ನು ಈ ಮನೆಗೆ ಬರಬೇಡ ಅಂತಲೂ ಅವನಿಗೆ ಹೇಳಿದೆ. ಅದಕ್ಕೆ ಇವರ ಕೈಯಿಂದ ಪೆಟ್ಟು ತಿಂದೆ."

ಅಮ್ಮ ಅಳಲಿಕ್ಕೆ ಶುರು ಮಾಡಿದಳು. ಅಪ್ಪ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಕ್ಕ ಸಮಾಧಾನ ಮಾಡಲಿಲ್ಲ. ನನಗೂ ಕೈ ಬರಲಿಲ್ಲ.

ಸದ್ದು ಕೇಳಿ ಹುಡುಗಿ ಬಾಗಿಲಿಗೆ ಬಂದು ನಿಂತಳು. "ಅಜ್ಜಿ ಯಾಕೆ ಅಳುವುದು?" ಎಂದಳು.

ಅಮ್ಮ ಮುಖ ಒರೆಸಿಕೊಳ್ಳುತ್ತಾ, ಹಳೆಯ ಅಭ್ಯಾಸದಂತೆ ಕೈ ಬೀಸಿ, "ಏನಿಲ್ಲ ಮಗಾ, ನೀನು ಆಚೆ ಹೋಗು" ಎಂದಳು.

"ಹೋಗಬೇಡ" ಎಂದಳು ಅಕ್ಕ. ತನ್ನ ಪಕ್ಕದ ನೆಲವನ್ನು ಕೈಯಿಂದ ಒರೆಸಿದಳು. "ಇಲ್ಲಿ ಕೂತ್ಕೋ. ಹೇಳ್ತೇನೆ."