ಮರಿಲೂ ಟೀಚರ್ ಕೂಗುವ ಹಾಜರಿ

ಫಿಲಿಪ್ಪೀನ್ಸಿನಿಂದ ಅಲಾಸ್ಕದ ಹಳ್ಳಿಶಾಲೆಗೆ ಬಂದ ಮರಿಲೂ ಟೀಚರ್ ಹಿಮ ಸುರಿಯುವ ಬೆಳಗುಗಳಲ್ಲಿ ಕೋಟಿನ ಮೇಲೆ ಕೋಟು ತೊಟ್ಟು ಬಾಗಿಲಲ್ಲಿ ನಿಲ್ಲುತ್ತಾರೆ, ದಾರಿ ಕಾಣದ ಮಕ್ಕಳು ದನಿ ಹಿಡಿದು ಬರಲೆಂದು ಒಬ್ಬೊಬ್ಬರ ಹೆಸರನ್ನೂ ಮೀನು ಮಾರುವವರ ರಾಗದಲ್ಲಿ ಕೂಗುತ್ತಾರೆ, ಬಂದವರ ಮೂಗು ಉಜ್ಜಿ, "ಸದ್ಯ, ಚಳಿಗೆ ಉದುರಿಲ್ಲ!" ಎನ್ನುತ್ತಾರೆ. "ಮಲಗಿರೋ ಕರಡೀನೂ ಎದ್ದು ಹಾಜರಿ ಹಾಕುತ್ತೆ, ಟೀಚರ್," ಎಂದು ಜವಾನ ವಸ್ಸಿಲಿ ರೇಗಿಸುತ್ತಾನೆ. ಇಂದು ಮಕ್ಕಳೆಲ್ಲ ಬಂದು ಕೂತರೂ ಅವರು ಬಾಗಿಲು ಬಿಟ್ಟು ಕದಲಲಿಲ್ಲ. "ಎಲ್ರೂ ಬಂದ್ರಲ್ಲ, ಬಾಗ್ಲು ಹಾಕಿ, ಕಾವೆಲ್ಲ ಹೋಗ್ತಿದೆ," ಎಂದು ಗೊಣಗುತ್ತ ಬಂದ ವಸ್ಸಿಲಿಗೂ ಆ ಬಿಳುಪಿನೊಳಗಿಂದ ಪುಟ್ಟ ಹುಡುಗಿಯ ದನಿ ಕೇಳಿಸಿತು, ಅವನರಿಯದ ಭಾಷೆಯಲ್ಲಿ. "ಯಾರ ಮಗು ಅದು?" "ನಂದು," ಎಂದರು ಟೀಚರ್. "ಊರಲ್ಲಿ ಅಜ್ಜಿ ಹತ್ರ ಬಿಟ್ಟು ಬಂದಿದೀನಿ." ವಸ್ಸಿಲಿ ಮಗುವಿನ ಹೆಸರು ಕೇಳಿಕೊಂಡು, ಹಿಮದತ್ತ ತಿರುಗಿ, ತಾನೂ ಕೂಗತೊಡಗಿದ.