ನೀರಿನ ಮಟ್ಟದ ಕೆಳಗೆ ಮೂವತ್ತೊಂದು ವರ್ಷ

ವಿಹಾರದ ಹಡಗಿನಲ್ಲಿ ರಜೆ ಕಳೆಯಲು ಹೋದವರು ಕಡಲು ನೋಡುತ್ತಾರೆ, ಹೊಸ ಹೊಸ ಬಂದರು ನೋಡುತ್ತಾರೆ, ಸಂಜೆಯಾದರೆ ಸಂಗೀತ ಕೇಳುತ್ತಾ ಊಟ ಮಾಡುತ್ತಾರೆ. ತಾವು ಬೆಳಿಗ್ಗೆ ಮೈ ಒರೆಸಿಕೊಂಡು ಎಸೆದ ಟವೆಲ್ಲು ಮಧ್ಯಾಹ್ನಕ್ಕೆ ಮಡಿಯಾಗಿ ಮತ್ತೆ ಹೇಗೆ ಬಂತು ಎಂದು ಅವರಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಅವರಿಗಿಲ್ಲ. ಹಡಗಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಯೇ ಇಲ್ಲದ ಉದ್ದನೆಯದೊಂದು ಕೋಣೆಯಿದೆ. ಅದಕ್ಕೆ ಲಾಂಡ್ರಿ ಎನ್ನುತ್ತಾರೆ. ಆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ಕಳೆದ ಮಾರ್ಚಿನಲ್ಲಿ ನಿವೃತ್ತರಾದ ಶ್ರೀ ಕಾಯತಾನ ಸಿದ್ದಿಯವರು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳಿಂದ ಹಡಗಿನ ಕೆಲಸಕ್ಕೆ ಹೋದ ನೂರಾರು ಮಕ್ಕಳಿಗೆ ಗುರುಗಳು. ನಮ್ಮ ಸೀಮೆಯಲ್ಲಿ ಈ ಕಸುಬಿಗೆ ದಾರಿ ಮಾಡಿದವರು ಯಾರೆಂದು ಕೇಳಿದರೆ ಹೇಳಲು ಬೇರೆ ಹೆಸರಿಲ್ಲ.

ಈ ಸಂಪುಟಕ್ಕೆ ಲೇಖನ ಬರೆಯಿರೆಂದು ಅಭಿನಂದನ ಸಮಿತಿಯ ನೀಲಂ ಬಾಯಿಯವರು ನನ್ನಲ್ಲಿಗೆ ಬಂದಾಗ ನಾನು ಒಲ್ಲೆನೆಂದೆ. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತವಳು, ಅಂಬೇವಾಡಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವಳು; ದೊಡ್ಡವರು ಬರೆಯುವ ಪುಸ್ತಕದಲ್ಲಿ ನನಗೇನು ಕೆಲಸ? ಆದರೆ ಅವರು ಕೈಯಲ್ಲಿ ಹಿಡಿದಿದ್ದ ಆಮಂತ್ರಣ ಪತ್ರಿಕೆ ನನ್ನ ಮನಸ್ಸು ಬದಲಿಸಿತು. ಅದರಲ್ಲಿ ‘ಲಾಂಡ್ರಿ ಮಾಸ್ಟರ್ ಕಾಯತಾನ ಸಿದ್ದಿ’ ಎಂದು ಮೊದಲು ಅಚ್ಚಾಗಿತ್ತು. ಕಾಯತಾನ ಅವರು ಅದನ್ನು ನೋಡಿ, ‘ಸಹಾಯಕ ಲಾಂಡ್ರಿ ಮಾಸ್ಟರ್’ ಎಂದು ತಿದ್ದಿ ಮತ್ತೆ ಅಚ್ಚು ಹಾಕಿಸಲು ಹೇಳಿದರಂತೆ.

“ಎಲ್ಲಾರೂ ನಿಮಗ ಮಾಸ್ಟರ್ ಅಂತಽ ಕರೀತಾರಲ್ರಿ ಸರ್,” ಎಂದರಂತೆ ನೀಲಂ ಬಾಯಿ.

“ಕರೀಲಿ. ಬರೀಬ್ಯಾಡ್ರಿ. ಬರದದ್ದು ಉಳೀತೈತಿ.”

ಐದು ವರ್ಷ ಮಾಸ್ಟರ್ ಆಗಿದ್ದವರು ಒಂದು ಮೆಟ್ಟಿಲು ಕೆಳಗಿಳಿದು ಏಕೆ ನಿವೃತ್ತರಾದರು ಎಂಬುದು ಸಮಿತಿಯವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದವಳು ಸುಮ್ಮನಿರುವುದು ಸರಿಯಲ್ಲವೆಂದು ಬರೆಯಲು ಕುಳಿತಿದ್ದೇನೆ.

ಹಳಿಯಾಳ ತಾಲೂಕಿನ ಕಾಡಂಚಿನ ಸಿದ್ದಿ ಜನರ ಕೇರಿಯೊಂದರಲ್ಲಿ ಹುಟ್ಟಿದ ಕಾಯತಾನ ಅವರು ಏಳನೆಯ ತರಗತಿ ಮುಗಿಸಿ ಗೋವೆಗೆ ಹೋಗಿ, ಕಡಲ ದಂಡೆಯ ಒಂದು ಹೊಟೇಲಿನಲ್ಲಿ ಚಾದರ ಒಗೆಯುವ ಕೆಲಸಕ್ಕೆ ಸೇರಿದರು. ಅಲ್ಲಿಯ ಅಡುಗೆಯವರೊಬ್ಬರು ಹೇಳಿದ ದಾರಿ ಹಿಡಿದು ೧೯೯೪ರಲ್ಲಿ ಮುಂಬಯಿಯಿಂದ ಹಡಗು ಹತ್ತಿದರು. ಒಂಬತ್ತು ತಿಂಗಳು ಕೆಲಸ, ಎರಡು ತಿಂಗಳು ರಜೆ. ಹಾಗೆ ಮೂವತ್ತೊಂದು ವರ್ಷ. ಅವರ ಪತ್ನಿ ಇಜಾಬೆಲ್ ಬಾಯಿಯವರು ಕೌದಿ ಹೊಲಿಯುತ್ತಾ ಇಬ್ಬರು ಮಕ್ಕಳನ್ನು ಬೆಳೆಸಿದರು. “ನಮ್ಮನಿಯವರು ಜಗತ್ತೆಲ್ಲಾ ತಿರುಗ್ಯಾರಂತ ಮಂದಿ ಅಂತಾರ. ಅವರು ನೋಡಿದ್ದು ಟವೆಲ್ಲು,” ಎಂದು ನಗುತ್ತಿದ್ದರು ಆ ತಾಯಿ. ಅದು ತಮಾಷೆಯ ಮಾತಾದರೂ ಸುಳ್ಳಲ್ಲ. ಹಡಗು ಬಂದರಿಗೆ ಬರುವ ದಿನವೇ ಲಾಂಡ್ರಿಯವರಿಗೆ ಹೆಚ್ಚಿನ ಕೆಲಸ. ಮುಂಜಾನೆ ಮೂರು ಸಾವಿರ ಪ್ರವಾಸಿಗಳು ಇಳಿಯುತ್ತಾರೆ, ಮಧ್ಯಾಹ್ನ ಮತ್ತೆ ಮೂರು ಸಾವಿರ ಹತ್ತುತ್ತಾರೆ. ಆ ನಡುವಿನ ಐದಾರು ತಾಸುಗಳಲ್ಲಿ ಪ್ರತಿಯೊಂದು ಹಾಸಿಗೆಯ ಚಾದರ, ಪ್ರತಿಯೊಂದು ಕೋಣೆಯ ಟವೆಲ್ಲು ಬದಲಾಗಬೇಕು. ಹೀಗಾಗಿ ಹಡಗು ಊರು ಸೇರಿದಾಗಲೆಲ್ಲ ಅವರು ತಳದಲ್ಲಿಯೇ ಇದ್ದರು.

ರಜೆಯ ಎರಡು ತಿಂಗಳಲ್ಲಾದರೂ ವಿಶ್ರಾಂತಿ ತೆಗೆದುಕೊಂಡರೇ ಎಂದರೆ ಅದೂ ಇಲ್ಲ. ೨೦೦೬ರಲ್ಲಿ ಒಂದು ದಿನ ತಮ್ಮ ಬಿಳಿ ಅಂಗಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ನಾನು ಇಸ್ತ್ರಿ ಮಾಡುವುದನ್ನು ನಿಂತು ನೋಡಿದರು.

“ಕಾಲರ್ ತುದಿಯಿಂದ ಒಳಕ್ಕ ಹೊಡೀತೀರಲ್ರಿ ಅಕ್ಕಾರ. ಯಾರ್ ಕಲಿಸಿದ್ರು?”

“ಸುಟ್ಟ ಕಾಲರ್ ಕಲಿಸಿದ್ವು ತಮ್ಮಾ,” ಎಂದೆ.

ಅವರು ಬಹಳ ಹೊತ್ತು ನಕ್ಕರು. ಮರುದಿನವೇ ಬಂದು, ಅಂಬೇವಾಡಿಯ ಸಮುದಾಯ ಭವನದಲ್ಲಿ ತಾವು ಹಡಗಿನ ಕೆಲಸದ ತರಬೇತಿ ಆರಂಭಿಸುವುದಾಗಿಯೂ ಇಸ್ತ್ರಿ ಕಲಿಸಲು ನಾನು ಬರಬೇಕೆಂದೂ ಕೇಳಿದರು. ಒಂದು ಮಂಚ, ಎರಡು ಮೇಜು, ನನ್ನ ಇಸ್ತ್ರಿ ಪೆಟ್ಟಿಗೆ, ಇಷ್ಟೇ ಆ ಶಾಲೆಯ ಆಸ್ತಿ. ಜೋಯಿಡಾದ ಕಾಡಿನ ಹಳ್ಳಿಗಳಿಂದ ಮಕ್ಕಳು ಸಿಕ್ಕ ಬಸ್ಸು ಹಿಡಿದು ಬರುತ್ತಿದ್ದರು. ಬಸ್ಸು ತಪ್ಪಿದವರಿಗೆ ಇಜಾಬೆಲ್ ಬಾಯಿಯವರ ಪಡಸಾಲೆಯೇ ವಸತಿ. ಕಲಿಸುವಾಗ ಕಾಯತಾನ ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಚಾದರದಲ್ಲಿ ಸುಕ್ಕು ಕಂಡರೆ ಅದನ್ನು ಎಳೆದು ಬಿಚ್ಚಿ, ಮಡಚಿ, ಮತ್ತೆ ಆ ಹುಡುಗನ ಕೈಗೇ ಕೊಡುತ್ತಿದ್ದರು. ಒಬ್ಬನಿಗೇ ಹನ್ನೊಂದು ಸಲ ಹಾಗೆ ಕೊಟ್ಟದ್ದನ್ನು ಎಣಿಸಿದ್ದೇನೆ.

ಮೊದಮೊದಲು ಗಂಡುಮಕ್ಕಳಷ್ಟೇ ಬರುತ್ತಿದ್ದರು. ಹೆಣ್ಣುಮಕ್ಕಳನ್ನೂ ಹಡಗಿಗೆ ಕಳಿಸಬೇಕೆಂದು ಅವರು ಹಟ ಹಿಡಿದಾಗ, ಆಳುಗಳನ್ನು ಆರಿಸಿ ಕಳಿಸುವ ಗೋವೆಯ ಕಚೇರಿಯವರು ಅನುಮಾನಿಸಿದರು; ಒಬ್ಬಳನ್ನು ನೋಡಿ ಮುಂದಿನ ಮಾತು ಎಂದರು. ಹಾಗೆ ೨೦೧೮ರ ಏಪ್ರಿಲ್‌ನಲ್ಲಿ ಹೋದ ಮೊದಲನೆಯವಳು ನನ್ನ ಮೊಮ್ಮಗಳು ರಾಜಶ್ರೀ. ಕಾಯತಾನ ಅವರು ಮಾಸ್ಟರ್ ಆಗಿದ್ದ ಹಡಗಿನಲ್ಲಿ, ಅವರದೇ ಲಾಂಡ್ರಿಯಲ್ಲಿ ಕೆಲಸ. ಅವಳ ಹಿಂದೆ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಹುಡುಗಿಯರು ಕಾಯುತ್ತಿದ್ದರು. ತಾಯಿಯಿಲ್ಲದ ಅವಳನ್ನು ನಾನೇ ಸಾಕಿದ್ದೆ. ಈ ಕೆಲಸ ಉಳಿದರೆ ಅವಳ ಬದುಕು ನಿಂತಂತೆ ಎಂದು ನಂಬಿದ್ದೆ.

ಹಡಗಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ. ಕೆಲಸದವರಿಗೆ ಒಂದು ಸಲ ವಾಂತಿಯಾದರೂ ಆಗಿಂದಾಗಲೇ ಹೇಳಬೇಕು. ಹೇಳಿದವರನ್ನು ಎರಡು ದಿನ ಬೇರೆ ಕೋಣೆಯಲ್ಲಿ ಇರಿಸಿ ಔಷಧ ಕೊಡುತ್ತಾರೆ, ಮತ್ತೇನೂ ಮಾಡುವುದಿಲ್ಲ. ಮುಚ್ಚಿಟ್ಟು ದುಡಿದವರನ್ನು ಮಾತ್ರ ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸುತ್ತಾರೆ. ಒಬ್ಬರ ಹೊಟ್ಟೆಯ ರೋಗ ಟವೆಲ್ಲಿನ ಮೂಲಕ ನೂರು ಜನಕ್ಕೆ ಹತ್ತುವ ಜಾಗ ಅದು.

ಆ ವರ್ಷದ ಶ್ರಾವಣದ ಒಂದು ಸೋಮವಾರ, ಪ್ರವಾಸಿಗಳು ಇಳಿದು ಹತ್ತುವ ದಿನ, ರಾಜಶ್ರೀಗೆ ನಸುಕಿನಲ್ಲಿಯೇ ಎರಡು ಸಲ ವಾಂತಿಯಾಯಿತು. ಉಪವಾಸದ ಹೊಟ್ಟೆಗೆ ಹಾಗಾಗಿದೆಯೆಂದು ತಿಳಿದು ಮುಖ ತೊಳೆದುಕೊಂಡು ಕೆಲಸಕ್ಕೆ ಬಂದಳು. ಕಾಯತಾನ ಅವರು ದಿನವೂ ಸಾಲಿನಲ್ಲಿ ನಿಂತ ಎಲ್ಲರನ್ನೂ ಇಂಗ್ಲಿಷಿನಲ್ಲಿ ‘ಜ್ವರವೇ, ವಾಂತಿಯೇ, ಭೇದಿಯೇ’ ಎಂದು ಒಂದೊಂದಾಗಿ ಕೇಳಬೇಕು. ಅವಳ ಹತ್ತಿರ ಬಂದಾಗ ಮಾತ್ರ ಊರಿನ ಹುಡುಗಿಯೆಂಬ ಸಲಿಗೆಯಿಂದ, “ಆರಾಮ ಅದಿ ಇಲ್ಲೋ ರಾಜೀ?” ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಅಂದೂ ಹಾಗೇ ಕೇಳಿದರು. ಅವಳು, “ಆರಾಮ ಅದೇನ್ರಿ ಕಾಕಾ,” ಎಂದಳು. ಹನ್ನೊಂದು ಗಂಟೆಗೆ ಟವೆಲ್ಲು ಮಡಚುವ ಮೇಜಿನ ಹಿಂದೆ ಕುಸಿದು ಕುಳಿತಳು.

“ಎಷ್ಟ ಸಲ ಆತು?” ಎಂದು ಕಾಯತಾನ ಅವರು ಬಂದು ಕೇಳಿದರು.

“ಎರಡ ಸಲ ರೀ.”

“ಮುಂಜಾನೆ ಕೇಳಿದಾಗ ಆರಾಮ ಅಂದೆಲ್ಲವಾ!”

“ನೀವು ಕೇಳಿದ್ರಿ ಕಾಕಾ. ಹಿರ್ಯಾರು ಕೇಳಿದ್ರ ಮತ್ತೇನ ಅನ್ಲಿ?”

ಆಗಲೇ ಅವಳ ಕೈ ಮುಟ್ಟಿದ ನಾಲ್ಕು ಗಾಡಿ ಟವೆಲ್ಲು ಮೇಲಿನ ಕೋಣೆಗಳಿಗೆ ಹೋಗಿಬಿಟ್ಟಿದ್ದವು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಿಂದಕ್ಕೆ ತರಿಸಿದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಅವಳ ಕೆಲಸ ಹೋಗುತ್ತದೆ, ಹಿಂದಿನ ಹನ್ನೊಂದು ಹುಡುಗಿಯರ ದಾರಿಯೂ ಮುಚ್ಚುತ್ತದೆ. ಕಾಯತಾನ ಅವರು ಗಾಡಿಗಳನ್ನು ಹಿಂದಕ್ಕೆ ತರಿಸಿದರು. ಪ್ರವಾಸಿಗಳನ್ನು ಎರಡು ತಾಸು ದಡದಲ್ಲಿಯೇ ನಿಲ್ಲಿಸಬೇಕಾಯಿತು. ರಾಜಶ್ರೀಯ ಹೆಸರು ಬರೆದು ವರದಿ ಕೊಟ್ಟರು. ಅವಳಿಗಿದ್ದದ್ದು ಅಂಟುರೋಗವೇ ಎಂದು ವೈದ್ಯರು ಹೇಳಿದರು. ಪ್ರವಾಸಿಗಳಲ್ಲಿ ಒಬ್ಬರಿಗೂ ಅದು ಹತ್ತಲಿಲ್ಲ.

ಆಗ ನನಗೆ ತಿಳಿದದ್ದು ಇದರಲ್ಲಿ ಅರ್ಧ ಮಾತ್ರ. ಬೇರೆ ಕೋಣೆಯಲ್ಲಿ ಕುಳಿತು ರಾಜಶ್ರೀ ಫೋನಿನಲ್ಲಿ ಅತ್ತಳು: “ಅಜ್ಜೀ, ಕಾಯತಾನಕಾಕಾನಽ ನನ್ನ ಹೆಸರ ಬರದ ಕೊಟ್ಟಾರ.” ಅವಳನ್ನು ಇಳಿಸಲಿಲ್ಲ, ಕೊನೆಯ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು ಎಂದು ವಾರದ ಮೇಲೆ ಒಂದೇ ನಿಮಿಷದ ಫೋನಿನಲ್ಲಿ ತಿಳಿಯಿತು. ಅದು ದೇವರ ದಯೆ ಎಂದುಕೊಂಡೆನೇ ಹೊರತು ಮನುಷ್ಯರ ಕೈ ಅದರಲ್ಲಿದೆಯೆಂದು ನನಗೆ ಹೊಳೆಯಲಿಲ್ಲ.

ನವೆಂಬರಿನಲ್ಲಿ ಅವರು ರಜೆಗೆ ಬಂದು ತರಗತಿ ಆರಂಭಿಸಿದ ದಿನ ನಾನು ಭವನಕ್ಕೆ ಹೋದೆ. ಇಪ್ಪತ್ತೆರಡು ಮಕ್ಕಳು ಕುಳಿತಿದ್ದರು. ಅವರೆಲ್ಲರ ಎದುರಿಗೆ ಅಂದೆ: “ಊರ ಹುಡುಗಿ, ತಾಯಿಲ್ಲದ ಹುಡುಗಿ. ನಿನ್ನ ಅಂಗಿ ಮ್ಯಾಲಿನ ಮಾಸ್ಟರ್ ಪಟ್ಟಿ ಉಳಿಸ್ಕೊಳ್ಳಾಕ ನನ್ನ ಕೂಸನ್ನ ಮಾರಿದಿ. ನಿನ್ನ ನೆರಳಿಗೆ ಯಾರೂ ಹೋಗಬಾರದು.” ಹನ್ನೆರಡು ವರ್ಷದಲ್ಲಿ ಅವರನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವರು ಚಾದರ ಮಡಚುತ್ತಿದ್ದ ಕೈ ನಿಲ್ಲಿಸಿ ಎದ್ದು ನಿಂತರು. “ಹೌದ್ರಿ ಅಕ್ಕಾರ, ನಾನಽ ಬರದ ಕೊಟ್ಟೆ,” ಎಂದರು. ನಾನು ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟೆ. ಆ ಸಲದ ಮಕ್ಕಳು ಇಸ್ತ್ರಿ ಕಲಿಯದೆಯೇ ಹೋದರು.

ಜನವರಿಯಲ್ಲಿ ಅವರು ಹಡಗಿಗೆ ಮರಳಿದ ಮೇಲೆ ರಾಜಶ್ರೀ ರಜೆಗೆ ಬಂದಳು. ನಾನು ಮಾಡಿ ಬಂದದ್ದನ್ನು ಹೆಮ್ಮೆಯಿಂದ ಹೇಳಿಕೊಂಡಾಗ ಅವಳು ಊಟದ ಗಂಗಾಳದ ಮುಂದಿನಿಂದ ಎದ್ದೇಬಿಟ್ಟಳು.

“ಏನ್ ಮಾಡಿದಿ ಅಜ್ಜೀ! ಪಟ್ಟಿ ಉಳಿಸ್ಕೊಂಡ್ರಂತ ಅಂದಿ? ಇಳಿಸಿದ್ದಽ ಅವರ ಪಟ್ಟಿ!”

ವಿಚಾರಣೆಯಲ್ಲಿ ಅವಳ ಸಹಿಗಾಗಿ ವರದಿಯನ್ನು ಅವಳಿಗೆ ಓದಲು ಕೊಟ್ಟಿದ್ದರಂತೆ. ಅವಳ ಹೆಸರಿನ ಕೆಳಗೆ ಕಾಯತಾನ ಅವರು ತಮ್ಮ ಹೆಸರನ್ನೂ ಬರೆದಿದ್ದರು. ಅವಳು ನೆನಪಿನಿಂದ ಹೇಳಿದ್ದನ್ನು ನಾನು ಅಂದೇ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ: “ನಿಯಮದಂತೆ ಕೇಳಬೇಕಾದ ಮೂರು ಪ್ರಶ್ನೆಗಳನ್ನು ನಾನು ಈ ಹುಡುಗಿಗೆ ಕೇಳಲಿಲ್ಲ. ನಮ್ಮ ಕಡೆ ಹಿರಿಯರು ಕ್ಷೇಮ ಕೇಳಿದಾಗ, ಅವರಿಗೆ ಚಿಂತೆಯಾಗಬಾರದೆಂದು, ಜ್ವರವಿದ್ದರೂ ಚೆನ್ನಾಗಿದ್ದೇನೆ ಎನ್ನುವುದು ರೂಢಿ. ಅದು ಗೊತ್ತಿದ್ದೂ ನಾನು ಹಾಗೆ ಕೇಳಿದೆ. ಅವಳಿಗೆ ಕಲಿಸಿದವನೂ ನಾನೇ. ಮೊದಲ ತಪ್ಪು ನನ್ನದು.” ಆ ಮಾತಿನಿಂದ ರಾಜಶ್ರೀ ಉಳಿದಳು, ಅವರನ್ನು ಮಾಸ್ಟರ್ ಹುದ್ದೆಯಿಂದ ಇಳಿಸಿದರು. ಆಮೇಲೆ ಏಳು ವರ್ಷ ದುಡಿದರೂ ಆ ಹುದ್ದೆ ಅವರಿಗೆ ಮತ್ತೆ ಸಿಗಲಿಲ್ಲ.

ಮುಂದಿನ ರಜೆಗೆ ಅವರು ಬಂದಾಗ ನಾನು ಇಸ್ತ್ರಿ ಪೆಟ್ಟಿಗೆ ಹೊತ್ತುಕೊಂಡು ಭವನದ ಬಾಗಿಲಲ್ಲಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅವರು ಹೇಳಗೊಡಲಿಲ್ಲ. “ಬರ್ರಿ ಅಕ್ಕಾರ. ಈ ಹುಡುಗರಿಗೆ ಕಾಲರ್ ಅಂದ್ರೇನಂತ ಗೊತ್ತಿಲ್ಲ,” ಎಂದು ಮೇಜು ಸರಿಸಿ ಜಾಗ ಮಾಡಿಕೊಟ್ಟರು. ಆ ಮಾತು ಅಲ್ಲಿಗೇ ನಿಂತುಹೋಯಿತು.

ಆ ಸಲದಿಂದ ತರಗತಿಯ ಮೊದಲ ಪಾಠವನ್ನು ಅವರು ಬದಲಿಸಿದರು. ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಮೈಯಲ್ಲಿ ಎಲ್ಲಿ ನೋವಿದೆಯೆಂದು ಗಟ್ಟಿಯಾಗಿ ಹೇಳಬೇಕು. ಚಾದರ ಹಾಸುವುದನ್ನು ಒಂದೇ ದಿನದಲ್ಲಿ ಕಲಿತ ಮಕ್ಕಳು ಇದನ್ನು ಕಲಿಯಲು ಮೂರು ದಿನ ತೆಗೆದುಕೊಂಡರು. ಕುಂಬಾರವಾಡದ ಜ್ಯೂಲಿಯೆಂಬ ಹುಡುಗಿ, “ನಂಗೇನೂ ಇಲ್ರಿ, ಏನೂ ಇಲ್ರಿ,” ಎನ್ನುತ್ತಲೇ ಇದ್ದಳು. ನಾಲ್ಕನೆಯ ದಿನ ಅಳುತ್ತಾ, “ಹಲ್ಲ ನೋಯ್ತೈತ್ರಿ, ಎರಡ ವರ್ಷ ಆತು,” ಎಂದಳು. ಕಾಯತಾನ ಅವರು ಪಾಠ ನಿಲ್ಲಿಸಿ ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದರು. ೨೦೨೦ರಲ್ಲಿ ಯಾವ ಬಂದರೂ ಸೇರಿಸಿಕೊಳ್ಳದೆ ಹಡಗುಗಳು ತಿಂಗಳುಗಟ್ಟಲೆ ಕಡಲಲ್ಲಿಯೇ ನಿಂತಾಗ, ನಮ್ಮ ಮಕ್ಕಳಲ್ಲಿ ಆರು ಮಂದಿಗೆ ಜ್ವರ ಬಂತು. ಆರೂ ಮಂದಿ ಮೊದಲ ದಿನವೇ ಹೇಳಿದರು. ಆರೂ ಮಂದಿ ಮನೆಗೆ ಬಂದರು. ಪಟ್ಟಿಯಲ್ಲಿದ್ದ ಹನ್ನೊಂದು ಹುಡುಗಿಯರೂ ಒಬ್ಬೊಬ್ಬರಾಗಿ ಹಡಗು ಹತ್ತಿದ್ದಾರೆ.

ಅಂದು ನನ್ನ ಮಾತು ಕೇಳಿದ ಇಪ್ಪತ್ತೆರಡು ಮಕ್ಕಳು ಈಗ ಯಾವ ಯಾವ ಕಡಲಿನಲ್ಲಿದ್ದಾರೋ. ಅವರನ್ನೆಲ್ಲ ಮತ್ತೆ ಒಂದೆಡೆ ಕೂಡಿಸುವುದು ನನ್ನಿಂದಾಗದು. ಈ ಪುಸ್ತಕ ಎಲ್ಲ ಶಿಷ್ಯರಿಗೂ ತಲುಪುತ್ತದೆ ಎಂದು ನೀಲಂ ಬಾಯಿ ಹೇಳಿದ್ದಾರೆ. ಆದ್ದರಿಂದ ಇಲ್ಲಿಯೇ ಬರೆಯುತ್ತೇನೆ: ಮಕ್ಕಳೇ, ಆ ದಿನ ನಾನು ಅಂದದ್ದು ಸುಳ್ಳು. ನಿಮ್ಮ ಗುರುಗಳು ನನ್ನ ಕೂಸನ್ನು ಮಾರಲಿಲ್ಲ. ಅವರು ಸತ್ಯವನ್ನೂ ಬರೆದರು, ಅವಳನ್ನೂ ಉಳಿಸಿದರು, ಅದಕ್ಕೆ ತೆತ್ತದ್ದನ್ನು ನನಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ.

ಕಾಯತಾನ ಅವರೇ, ನೀವು ನೂರು ವರ್ಷ ಬಾಳಬೇಕು. ಇಜಾಬೆಲ್ ಬಾಯಿಯವರ ಜೊತೆಗೂಡಿ, ಕಿಟಕಿಯಿರುವ ಮನೆಯಲ್ಲಿ ಹಗಲು ಬೆಳಕು ನೋಡುತ್ತಾ ಬಾಳಬೇಕು. ಇನ್ನು ಮುಂದೆ ತರಗತಿಯನ್ನು ಎರಡೇ ತಿಂಗಳಿಗೆ ಮುಗಿಸುವ ಅವಸರ ನಿಮಗಿಲ್ಲ. ನನ್ನ ಕ್ಷಮೆಯ ಮಾತನ್ನು ಬಾಗಿಲಲ್ಲಿ ತಡೆದವರು ನೀವು. ಇದು ಅಚ್ಚಾಗಿದೆ, ತಡೆಯಲಾರಿರಿ.

ಗುರುಸಿದ್ದವ್ವ
ಅಂಬೇವಾಡಿ, ದಾಂಡೇಲಿ